ಕೆಚ್ಚಲು ಬಾವಿನ ಹಾಲನ್ನು ಲ್ಯಾಬ್‌ಗೆ ಕಳಿಸುವುದು ಹೇಗೆ?

'ಸ್ಯಾಂಪಲ್ ಕೆಟ್ಟಿದೆ, ಮತ್ತೆ ಕಳಿಸಿ' ಎಂದು ವರದಿ ಬಂದಾಗ ಎಲ್ಲರೂ ಬೈಯುವುದು ಲ್ಯಾಬನ್ನೇ. ಹಾಲು ಹಿಡಿಯುವಾಗ ಪಕ್ಕದಲ್ಲಿ ನಿಂತು ನೋಡಿ, ತಪ್ಪು ಎಲ್ಲಾಗಿದೆ ಎಂದು ತಿಳಿಯುತ್ತದೆ. ಒಂದೇ ಸ್ಯಾಂಪಲ್‌ನಲ್ಲಿ ಮೂರೋ ನಾಲ್ಕೋ ಬಗೆಯ ಬ್ಯಾಕ್ಟೀರಿಯಾ ಬೆಳೆದರೆ ಅವು ಕೆಚ್ಚಲಿನೊಳಗಿನವಲ್ಲ, ಕೈಯದ್ದು, ಸಗಣಿಯದ್ದು ಎಂದೇ ಲೆಕ್ಕ.

'ಕಳೆದ ಸಲದ ಔಷಧವನ್ನೇ ಹಾಕಿದರಾಯ್ತು, ಪರೀಕ್ಷೆ ಯಾಕೆ?' ಎನ್ನುವವರೂ ಇದ್ದಾರೆ. ಕೆಚ್ಚಲು ಬಾವು ತರುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಸ್ಟ್ಯಾಫಿಲೊಕಾಕಸ್ ಆರಿಯಸ್. ಹೆಸರು ಒಂದೇ ಇರಬಹುದು, ಆದರೆ ಅದರಲ್ಲೂ ಹಲವು ತಳಿಗಳಿವೆ, ಒಳಗಿನ ಜೀನ್‌ಗಳು ತಳಿಯಿಂದ ತಳಿಗೆ ಬೇರೆ. ಬ್ಲಾ-ಝಡ್ ಎಂಬ ಜೀನ್ ಇರುವ ತಳಿ ಪೆನಿಸಿಲಿನ್ ಅನ್ನು ಒಡೆದುಹಾಕುವ ಕಿಣ್ವ ತಯಾರಿಸುತ್ತದೆ. ಅದಿಲ್ಲದ ತಳಿ ಸಾಮಾನ್ಯವಾಗಿ ಅದೇ ಪೆನಿಸಿಲಿನ್‌ಗೆ ಸಾಯುತ್ತದೆ. ಪೆನಿಸಿಲಿನ್ ಗುಂಪಿನ ಮೆಥಿಸಿಲಿನ್ ಔಷಧಕ್ಕೂ ಬ್ಯಾಕ್ಟೀರಿಯಾ ಜಗ್ಗದಂತೆ ಮಾಡುವ, ಈಗ ಮೆಕ್-ಸಿ ಎಂದು ಕರೆಯುವ ಜೀನ್ 2011ರಲ್ಲಿ ಬೆಳಕಿಗೆ ಬಂದದ್ದು ಇಂಗ್ಲೆಂಡಿನ ಹಸುಗಳ ಹಾಲಿನಲ್ಲಿ ಸಿಕ್ಕ ಆರಿಯಸ್‌ನಿಂದಲೇ. ಅದೇ ಕೆಲಸ ಮಾಡುವ ಮೆಕ್-ಎ ಜೀನನ್ನಷ್ಟೇ ಹುಡುಕುತ್ತಿದ್ದ ಅದುವರೆಗಿನ ಪರೀಕ್ಷೆಗಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಮೊದಲು ತಯಾರಿ. ಆಂಟಿಬಯೋಟಿಕ್ ಕೊಡುವ ಮುಂಚೆಯೇ ಹಾಲು ಹಿಡಿಯಬೇಕು. ಲ್ಯಾಬ್ ಕೊಡುವ ಸ್ಟೆರೈಲ್ ಟ್ಯೂಬ್ ಮೇಲೆ ಹಸುವಿನ ನಂಬರು, ಯಾವ ತೊಟ್ಟು, ತಾರೀಕು ಬರೆಯಿರಿ. ಹಾಲು ಹಿಡಿದ ಮೇಲೆ ಬರೆಯೋಣ ಎಂದರೆ ಒದ್ದೆ ಟ್ಯೂಬಿನ ಮೇಲೆ ಪೆನ್ನು ಓಡುವುದಿಲ್ಲ. ಕುದಿಸಿದ ಹಳೇ ಔಷಧಿ ಬಾಟಲಿ ಬೇಡವೇ ಬೇಡ.

ಇನ್ನು ತೊಟ್ಟು ಒರೆಸುವುದು. ಕೆಲಸ ಕೆಡುವುದು ಇಲ್ಲೇ. ಬಕೆಟ್ ನೀರು ಸುರಿದು ಕೆಚ್ಚಲು ತೊಳೆದುಬಿಟ್ಟರೆ ಶುದ್ಧ ಎಂದುಕೊಳ್ಳುತ್ತಾರೆ. ಮೇಲಿನ ಕೊಳೆ ನೀರಿನ ಜೊತೆ ಇಳಿದು ನೇರ ತೊಟ್ಟಿನ ತುದಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಟ್ಯೂಬಿಗೆ. ಹಾಗಾಗಿ ಕಣ್ಣಿಗೆ ಕಾಣುವ ಕೊಳೆಯನ್ನಷ್ಟೇ ಆದಷ್ಟು ಕಡಿಮೆ ನೀರಿನಲ್ಲಿ ತೆಗೆಯಿರಿ. ಪೂರ್ತಿ ಒಣಗಿಸಿ. ಪ್ರತಿ ತೊಟ್ಟಿನಿಂದ ಮೂರ್ನಾಲ್ಕು ಧಾರೆ ಹಾಲು ಬೇರೆ ಪಾತ್ರೆಗೆ ಕರೆದು ಚೆಲ್ಲಿ. ಕೈಗವಸು ಬದಲಿಸಿ. ಆಮೇಲೆ 70 ಶೇಕಡಾ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ತುದಿಯನ್ನು ಉಜ್ಜಿ. ಸುಮ್ನೆ ಸವರಿದರೆ ಸಾಲದು. ಹತ್ತಿಯಲ್ಲಿ ಕೊಳೆ ಕಂಡರೆ ಹೊಸದು ತೆಗೆದುಕೊಳ್ಳಿ, ಅದು ಬೆಳ್ಳಗೇ ಉಳಿಯುವ ತನಕ. ಒಂದು ತೊಟ್ಟಿನ ಹತ್ತಿ ಇನ್ನೊಂದಕ್ಕೆ ತಾಗಬಾರದು. ಪರಿಮಳದ ವೆಟ್ ವೈಪ್ಸ್, ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಎರಡನ್ನೂ ನಾನು ಹತ್ತಿರ ಸೇರಿಸುವುದಿಲ್ಲ. ಜೆಲ್ ಅಂಟಿಕೊಂಡೇ ಇರುತ್ತದೆ. ಆಲ್ಕೋಹಾಲ್ ಆರುವ ತನಕ ಕಾಯಿರಿ, ಅದರ ಹನಿ ಟ್ಯೂಬಿಗೆ ಬಿದ್ದರೆ ಹುಡುಕುತ್ತಿರುವ ಬ್ಯಾಕ್ಟೀರಿಯಾವೇ ಸಾಯಬಹುದು.

ಒರೆಸುವಾಗ ನಿಮ್ಮಿಂದ ದೂರದ ತೊಟ್ಟು ಮೊದಲು, ಹತ್ತಿರದ್ದು ಕೊನೆಗೆ. ಹಾಲು ಹಿಡಿಯುವಾಗ ತಿರುವುಮುರುವು, ಹತ್ತಿರದ್ದು ಮೊದಲು. ಆಗ ಒರೆಸಿಟ್ಟ ತೊಟ್ಟಿಗೆ ತೋಳು ತಾಗುವುದಿಲ್ಲ.

ಟ್ಯೂಬನ್ನು ನೆಟ್ಟಗೆ ಹಿಡಿಯಬೇಡಿ, ಓರೆಯಾಗಿ ಹಿಡಿಯಿರಿ. ಕೂದಲು, ಹೊಟ್ಟು ಒಳಗೆ ಉದುರುವುದಿಲ್ಲ. ಮುಚ್ಚಳ ನೆಲದ ಮೇಲಲ್ಲ, ಬೆರಳ ಸಂದಿಯಲ್ಲಿ, ಒಳಭಾಗ ಕೆಳಮುಖವಾಗಿ ಇರಲಿ. ಮೂರರಿಂದ ಐದು ಮಿಲಿಲೀಟರ್ ಸಾಕು. ನಾಲ್ಕೂ ತೊಟ್ಟಿನ ಹಾಲನ್ನು ಒಂದೇ ಟ್ಯೂಬಿಗೆ ಹಾಕಬೇಡಿ. ಯಾವುದರಲ್ಲಿ ಯಾವ ತಳಿ ಎಂಬ ಸುಳಿವೇ ಹೋಗುತ್ತದೆ.

ತಕ್ಷಣ ಐಸ್ ಮೇಲಿಡಿ, 24 ಗಂಟೆಯೊಳಗೆ ತಲುಪಿಸಿ. ಆಗದಿದ್ದರೆ ಫ್ರೀಜ್ ಮಾಡಿ.

ವರದಿಯಲ್ಲಿ ಹಲವು ಹಸುಗಳಿಗೆ ಆರಿಯಸ್ ಎಂದು ಬಂದರೆ ತಳಿ ಪರೀಕ್ಷೆ ಕೇಳಿ. ಏಳು ಜೀನ್‌ಗಳನ್ನು ಹೋಲಿಸುವ ಪದ್ಧತಿ ಇದೆ, ಪೂರ್ತಿ ಜೀನೋಮನ್ನೇ, ಅಂದರೆ ಬ್ಯಾಕ್ಟೀರಿಯಾದ ಇಡೀ ಡಿಎನ್‌ಎಯನ್ನೇ ಓದುವುದೂ ಇದೆ. ಆರಿಯಸ್‌ನ ಜೀನೋಮ್ ಸುಮಾರು 28 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ಉದ್ದ. ಎಲ್ಲದರಲ್ಲೂ ಒಂದೇ ತಳಿ ಕಂಡರೆ ಅದು ಹಾಲು ಕರೆಯುವ ಕೈಯಿಂದಲೋ ಯಂತ್ರದಿಂದಲೋ ಹಸುವಿಂದ ಹಸುವಿಗೆ ಹೋಗುತ್ತಿರಬಹುದು. ಸಗಣಿಯಲ್ಲಿರುವ ಈ. ಕೋಲೈ ಎಂಬ ಬ್ಯಾಕ್ಟೀರಿಯಾದ ವಿಷಯದಲ್ಲಿ ಸಾಮಾನ್ಯವಾಗಿ ಹಸುವಿಗೊಂದು ತಳಿ ಸಿಗುತ್ತದೆ. ಅಲ್ಲಿ ಅನುಮಾನ ಪಡಬೇಕಾದ್ದು ಮಲಗುವ ಜಾಗವನ್ನು.

'ಏನೂ ಬೆಳೆಯಲಿಲ್ಲ' ಎಂದು ಬಂದರೂ ಹಸು ಗುಣವಾಯಿತು ಎಂದಲ್ಲ. ಆರಿಯಸ್ ಹಾಲಿನಲ್ಲಿ ಒಂದು ದಿನ ಸಿಗುತ್ತದೆ, ಇನ್ನೊಂದು ದಿನ ಸಿಗುವುದಿಲ್ಲ. ಕೆಲವು ದಿನ ಬಿಟ್ಟು ಅದೇ ತೊಟ್ಟಿನಿಂದ ಮತ್ತೊಮ್ಮೆ ಹಿಡಿಯಿರಿ. ಬೆಳೆದಿದ್ದರೆ, ಆ ಬ್ಯಾಕ್ಟೀರಿಯಾವನ್ನು ಎಸೆಯದೆ ಫ್ರೀಜರ್‌ನಲ್ಲಿಡಲು ಲ್ಯಾಬ್‌ನವರಿಗೆ ಮೊದಲೇ ಹೇಳಿಡಿ. ಬಾವು ಮರಳಿ ಬಂದಾಗ ಹಳೇ ತಳಿಯೋ ಹೊಸದೋ ಎಂದು ಹೋಲಿಸಲು ಅದೇ ಬೇಕಾಗುತ್ತದೆ.