ರಟ್ಟಿನ ಕೊಳವೆಯ ನಕ್ಷತ್ರ: ನನ್ನ ಅನುಭವ

ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯನ್ನು ಎಸೆಯೋಕೆ ನನಗೆ ಮನಸ್ಸು ಬರೋದಿಲ್ಲ. ಒಂದು ಚೀಲದಲ್ಲಿ ತುಂಬಿಡುತ್ತೇನೆ. ಮನೆಯವರ ಲೆಕ್ಕದಲ್ಲಿ ಅದು ಕಸ. ಹಬ್ಬ ಹತ್ತಿರ ಬಂದಾಗ ಮಾತ್ರ ಅಲಂಕಾರದ ನಕ್ಷತ್ರ ಮಾಡೋಕೆ ಎಲ್ಲರಿಗೂ ಆ ಚೀಲ ಬೇಕು.

ಮೊದಲ ಸಲ ಉಂಗುರ ಕತ್ತರಿಸಲು ಬಹಳ ಒದ್ದಾಡಿದೆ. ಕತ್ತರಿ ಹಾಕಿದರೆ ಕೊಳವೆ ನಜ್ಜುಗುಜ್ಜು. ದುಂಡಗೇ ಇರಲಿ ಅಂತ ಒಳಗೆ ಬೆರಳು ತೂರಿಸಿ ಬ್ಲೇಡ್ ಹಿಡಿದೆ, ಬೆರಳು ಕೊಯ್ದುಕೊಂಡೆ. ಈಗ ಮೊದಲೇ ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿಬಿಡುತ್ತೇನೆ. ಎರಡೂ ಅಂಚನ್ನು ಉಗುರಿನಿಂದ ತೀಡಿ, ಸ್ಕೇಲ್ ಇಟ್ಟು 1 ಸೆಂ.ಮೀ.ಗೊಂದು ಗೆರೆ ಎಳೆದು ಕತ್ತರಿಸುತ್ತೇನೆ. ಪಟ್ಟಿಯನ್ನು ಎರಡೂ ತುದಿಯಿಂದ ಮೆಲ್ಲಗೆ ಅದುಮಿದರೆ ಕಣ್ಣಿನ ಆಕಾರಕ್ಕೆ ತೆರೆದುಕೊಳ್ಳುತ್ತದೆ. ಚೂಪು ತುದಿಗಳನ್ನು ನಡುವೆ ಸೇರಿಸಿ ಅಂಟಿಸಿದರೆ ಆಯಿತು: ಐದು ಸೇರಿದರೆ ಹೂವು, ಆರು ಸೇರಿದರೆ ನಕ್ಷತ್ರ.

ಅಂಟಿಸೋದ್ರಲ್ಲೇ ನಾನು ಸೋತಿದ್ದು. ಗಟ್ಟಿಯಾಗಲಿ ಅಂತ ಬಿಳಿ ಗಮ್ ಧಾರಾಳವಾಗಿ ಸುರಿದೆ. ಒಣಗೋಕೆ ಮುಂಚೆಯೇ ಮೇಲೆ ನೀರುನೀರಾದ ಬಣ್ಣ ಬಳಿದೆ. ಹಬ್ಬದ ಬೆಳಿಗ್ಗೆ ನೋಡಿದರೆ ನಕ್ಷತ್ರ ನೆಲದ ಮೇಲೆ ಬಾಳೆಸಿಪ್ಪೆಯ ಹಾಗೆ ಬಿಚ್ಚಿಕೊಂಡು ಬಿದ್ದಿತ್ತು. ಬಿದ್ದ ಚೂರನ್ನು ಬಿಡಿಸಿ ನೋಡಿದಾಗ ಕಾರಣ ಗೊತ್ತಾಯಿತು. ಈ ಕೊಳವೆಯನ್ನು ಮಾಡೋದೇ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಅಂಟಿಸಿ. ಒದ್ದೆಯಾದರೆ ಆ ಅಂಟೇ ಬಿಟ್ಟುಕೊಳ್ಳುತ್ತದೆ. ಈಗ ಗಮ್ಮನ್ನು ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಚುಕ್ಕಿ ಇಡುತ್ತೇನೆ, ಅಷ್ಟೇ. ಬಟ್ಟೆ ಕ್ಲಿಪ್ ಹಾಕಿ ಬಿಟ್ಟು ಬೇರೆ ಕೆಲಸ ನೋಡುತ್ತೇನೆ. ಪೂರ್ತಿ ಒಣಗಿದ ಮೇಲೆ ಮಂದವಾದ ಬಿಳಿ ಬಣ್ಣದ ಒಂದು ಕೈ, ಆಮೇಲೆ ಬೇಕಾದ ಬಣ್ಣ. ಕಂದು ರಟ್ಟಿನ ಮೇಲೆ ನೇರವಾಗಿ ಹಳದಿ ಬಳಿದು ನೋಡಿ, ಮಂಕೋ ಮಂಕು.

ಹಳೇ ನ್ಯೂಸ್‌ಪೇಪರಿನಲ್ಲಿ ಸರಪಳಿ ಮಾಡೋದು ಸುಲಭ. ಪೇಪರನ್ನು ಮೇಲಿಂದ ಕೆಳಕ್ಕೆ ಹರಿದರೆ ಕತ್ತರಿಯೇ ಇಲ್ಲದೆ ನೆಟ್ಟಗೆ ಪಟ್ಟಿ ಬರುತ್ತದೆ. ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟ. ಕಾಗದದ ಎಳೆ ಓಡೋ ದಿಕ್ಕೇ ಹಾಗೆ. ಅಂಗಡಿ ಬಿಲ್ಲಿನ ನುಣುಪು ಕಾಗದ ಮಾತ್ರ ಬೇಡ. ಬಿಸಿ ತಾಗಿದರೆ ಕಪ್ಪಾಗುತ್ತದೆ, ಗಮ್ಮೂ ಸರಿಯಾಗಿ ಹಿಡಿಯಲ್ಲ.

ನಕ್ಷತ್ರದ ಒಳಗೆ ದೀಪ ಇಡೋಣ ಅಂತ ಮಕ್ಕಳು ಪ್ರತಿ ಸಲ ಹಟ ಮಾಡುತ್ತಾರೆ. ಕಾಗದದ ಹತ್ತಿರ ಮೇಣದಬತ್ತಿ ತರೋಕೆ ನಾನಂತೂ ಬಿಡಲ್ಲ. ಬ್ಯಾಟರಿಯ ಸಣ್ಣ ಎಲ್‌ಇಡಿ ಸರ ಸಾಕು. ಕಣ್ಣಿನಾಕಾರದ ಸಂದುಗಳಿಂದ ಬೆಳಕು ಗೋಡೆ ಮೇಲೆ ಎಸಳೆಸಳಾಗಿ ಬೀಳುತ್ತದೆ. ಬಣ್ಣ ಬಳಿಯದ ನಕ್ಷತ್ರವೇ ಆಗ ಜಾಸ್ತಿ ಚೆಂದ ಅನ್ನಿಸುತ್ತೆ ನನಗೆ.