ಹಳೆಯ ಕಾರಿನ ಎಕ್ಸಾಸ್ಟ್ ಪ್ಯಾಕಿಂಗ್: ಸೋರದಂತೆ ಆರಿಸುವುದು, ಕೂರಿಸುವುದು ಹೇಗೆ?

ತಣ್ಣಗಿದ್ದ ಅಂಬಾಸಡರ್ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಟಕ್ ಟಕ್ ಸದ್ದು. ಎಂಜಿನ್ ಕಾದ ಮೇಲೆ ಅದು ತಾನಾಗಿಯೇ ನಿಲ್ಲುತ್ತದೆ. ಬಹಳ ಮಂದಿ ಇದನ್ನು ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸದ್ದೆಂದು ತಿಳಿದು ಅದನ್ನೇ ಸೆಟ್ ಮಾಡಿಸುತ್ತಾರೆ. ಕಾದಂತೆ ಕಡಿಮೆಯಾಗುವ ಸದ್ದಿದ್ದರೆ ಮೊದಲು ನೋಡಬೇಕಾದದ್ದು ಹೆಡ್ (ಎಂಜಿನ್ನಿನ ಮೇಲ್ಭಾಗ) ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಕೂಡಿಸಿ ಪೈಪಿಗೆ ಕಳಿಸುವ ಭಾಗ) ನಡುವಿನ ಪ್ಯಾಕಿಂಗ್, ಅಂದರೆ ಸಂದು ಮುಚ್ಚುವ ಹಾಳೆ. ಸದ್ದು ಅಲ್ಲಿ ಸೋರುವ ಹೊಗೆಯದ್ದು. ಕಾದಾಗ ಕಬ್ಬಿಣ ಹಿಗ್ಗಿ ಸಂದು ಮುಚ್ಚುತ್ತದೆ, ಅಷ್ಟೇ. ಸೋರಿಕೆ ಎಲ್ಲೂ ಹೋಗಿರುವುದಿಲ್ಲ.

ಮತ್ತೆ ಮತ್ತೆ ಪ್ಯಾಕಿಂಗ್ ಹೋಗುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಪ್ಯಾಕಿಂಗಿನದ್ದಲ್ಲ. ಬಾಗಿದ ಫ್ಲಾಂಜ್ (ಹೆಡ್‌ಗೆ ಅಂಟಿ ಕೂರುವ ಮ್ಯಾನಿಫೋಲ್ಡಿನ ಚಪ್ಪಟೆ ಅಂಚು), ಸವೆದ ಸ್ಟಡ್ (ನಟ್ಟು ಕೂರುವ, ಎಳೆಯಿರುವ ಕಡ್ಡಿ), ಜೋತುಬಿದ್ದ ಸೈಲೆನ್ಸರ್ ಪೈಪ್, ಈ ಮೂರರಲ್ಲೊಂದು ಕಾರಣವಾಗಿರುತ್ತದೆ. ಆದ್ದರಿಂದ ಅಂಗಡಿಗೆ ಹೋಗುವುದು ಕೊನೆಯ ಕೆಲಸ, ಅಳತೆ ಮೊದಲ ಕೆಲಸ.

ಸೋರುವ ಜಾಗ ಹಿಡಿಯುವುದು

ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಾಯಿಗೆ ಬ್ಲೋವರ್ ಇಟ್ಟು, ಸುತ್ತ ಬಟ್ಟೆ ಒತ್ತಿ ಗಾಳಿ ತುಂಬಿ. ಸೋಪಿನ ನೀರನ್ನು ಮ್ಯಾನಿಫೋಲ್ಡ್ ಅಂಚಿನುದ್ದಕ್ಕೂ ಸ್ಪ್ರೇ ಮಾಡಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಊದುಬತ್ತಿ ಹಿಡಿದು ಹೊಗೆ ನೋಡುವ ಅಭ್ಯಾಸ ಬೇಡ. ಪಕ್ಕದಲ್ಲೇ ಕಾರ್ಬ್ಯುರೇಟರ್ ಇರುತ್ತದೆ. 1489 ಸಿಸಿ ಪೆಟ್ರೋಲ್ ಅಂಬಾಸಡರ್‌ನಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರಿನ ಹೊಗೆ ನಡುವಿನ ಒಂದೇ ಪೋರ್ಟಿನಿಂದ (ಹೆಡ್‌ನ ಕಿಂಡಿಯಿಂದ) ಹೊರಬರುತ್ತದೆ. ಅಲ್ಲಿ ಕಾವು ಹೆಚ್ಚು, ಹಾಗಾಗಿ ಮಸಿಯ ಗೆರೆ ಮೊದಲು ಅಲ್ಲೇ ಹುಡುಕಿ. ಈ ಎಂಜಿನ್ನಿನಲ್ಲಿ ಇನ್‌ಲೆಟ್ (ಗಾಳಿ, ಪೆಟ್ರೋಲ್ ಒಳಹೋಗುವ ದಾರಿ), ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿವೆ. ಪ್ಯಾಕಿಂಗ್ ಇನ್‌ಲೆಟ್ ಕಡೆ ಹೋಗಿದ್ದರೆ ಹೊಗೆ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ.

ಬಿಚ್ಚುವುದು, ಅಳೆಯುವುದು

ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಹಳೆಯ ಪ್ಯಾಕಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒಣಗಿದ್ದಾಗ ವೈರ್ ಬ್ರಷ್ ಹಾಕಬೇಡಿ. ನೀರಲ್ಲಿ ನೆನೆಸಿ, ಮಾಸ್ಕ್ ಹಾಕಿಕೊಂಡು ಹೆರೆಯಿರಿ, ಚೂರುಗಳನ್ನು ಒದ್ದೆಯಿರುವಾಗಲೇ ಚೀಲದಲ್ಲಿ ಕಟ್ಟಿ.

ಈಗ ಫ್ಲಾಂಜ್ ಮೇಲೆ ಉದ್ದಕ್ಕೆ ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಸ್ಟೀಲ್ ಪಟ್ಟಿ) ತೂರಿಸಿ. ಹೆಡ್ ಕಡೆಯೂ ಹೀಗೇ ನೋಡಿ. ಸಂದು 0.10 ಮಿಮೀ ಒಳಗಿದ್ದರೆ ಯಾವ ಒಳ್ಳೆಯ ಪ್ಯಾಕಿಂಗ್ ಆದರೂ ನಡೆಯುತ್ತದೆ. 0.25 ಮಿಮೀವರೆಗೆ ಮೆತ್ತನೆಯ ಗ್ರಾಫೈಟ್ ಪ್ಯಾಕಿಂಗ್ ಸಂಭಾಳಿಸಬಹುದು. ಅದಕ್ಕೂ ಹೆಚ್ಚಿದ್ದರೆ ಎಂಜಿನ್ ಬೋರಿಂಗ್ ಮಾಡುವ ಅಂಗಡಿಯಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಲೇಬೇಕು. ಎರಡು ಪ್ಯಾಕಿಂಗ್ ಒಂದರ ಮೇಲೊಂದು ಇಟ್ಟು ಸಂದು ತುಂಬಿಸುವುದು ದುಡ್ಡು ದಂಡ. ಶಹಾಬಾದ್ ಕಲ್ಲಿನ ಮೇಲೆ ಎಮರಿ ಪೇಪರ್ ಹಾಸಿ ಉಜ್ಜುವವರಿದ್ದಾರೆ. ಹಾಸುಗಲ್ಲು ಕಣ್ಣಿಗೆ ಸಪಾಟಾಗಿ ಕಂಡರೂ ಈ ಅಳತೆಗೆ ಸಾಲದು. ಉಜ್ಜಲೇಬೇಕೆಂದರೆ 10 ಮಿಮೀ ದಪ್ಪದ ಗಾಜು ಬಳಸಿ.

ಯಾವ ಪ್ಯಾಕಿಂಗ್?

ಸಾಧಾರಣ ಕಾಗದದ ಪ್ಯಾಕಿಂಗ್ ಇಲ್ಲಿ ಬಾಳುವುದಿಲ್ಲ. ನಮ್ಮ ರಸ್ತೆಗಳ ಹಳೆಯ ಕಬ್ಬಿಣದ ಮ್ಯಾನಿಫೋಲ್ಡಿಗೆ ನಡುವೆ ತೂತಿನ ಸ್ಟೀಲ್ ಹಾಳೆ ಇರುವ, ಸುಮಾರು 1.5 ಮಿಮೀ ದಪ್ಪದ ಗ್ರಾಫೈಟ್ ಪ್ಯಾಕಿಂಗೇ ಸರಿ. ಅದು ಸಣ್ಣ ಉಬ್ಬುತಗ್ಗು ನುಂಗುತ್ತದೆ. ಆದರೆ ಗ್ರಾಫೈಟ್ ತುಂಬ ಕಾದು ಗಾಳಿಗೆ ಒಡ್ಡಿದರೆ ನಿಧಾನವಾಗಿ ಉರಿದುಹೋಗುತ್ತದೆ. ಆದ್ದರಿಂದ ಪೋರ್ಟಿನ ಸುತ್ತ ಲೋಹದ ಅಂಚು ಇರುವುದನ್ನೇ ಕೇಳಿ. ಪದರ ಪದರದ ಸ್ಟೀಲ್ ಪ್ಯಾಕಿಂಗ್ ಬಹಳ ಬಾಳುತ್ತದೆ, ಆದರೆ ಎರಡೂ ಮುಖ ಹೊಸದಾಗಿ ಗ್ರೈಂಡ್ ಆಗಿರಬೇಕು. ತಾಮ್ರದ್ದನ್ನು ಕೆಂಪಗೆ ಕಾಯಿಸಿ ಆರಿಸಿ ಮೆತ್ತಗೆ ಮಾಡಿಕೊಂಡು ಹಾಕಬೇಕು. ಹಾಗೇ ಹಾಕಿದರೆ ಗಡುಸಾಗಿಯೇ ಇದ್ದು ಸೋರುತ್ತದೆ. ಕೆಂಪು ಸಿಲಿಕೋನ್ ಸೀಲಂಟ್‌ನ ತಾಕತ್ತು ಸುಮಾರು 340 ಡಿಗ್ರಿ ಸೆಲ್ಸಿಯಸ್‌ಗೆ ಮುಗಿಯುತ್ತದೆ; ಎಕ್ಸಾಸ್ಟ್ ಪೋರ್ಟಿನ ಹೊಗೆ 600 ಡಿಗ್ರಿ ದಾಟುತ್ತದೆ. ಅದನ್ನು ಬಳಿಯಬೇಡಿ.

ಅಂಗಡಿಯಲ್ಲಿ "ಅಂಬಾಸಡರ್ ಪ್ಯಾಕಿಂಗ್ ಕೊಡಿ" ಎಂದರೆ ಸಾಲದು. 1489 ಸಿಸಿಯದ್ದೋ, ಇಸುಜು 1817 ಸಿಸಿಯದ್ದೋ, ಪೆಟ್ರೋಲೋ ಡೀಸೆಲ್ಲೋ ಹೇಳಿ. ಪ್ರೀಮಿಯರ್ ಪದ್ಮಿನಿಯದ್ದು (1089 ಸಿಸಿ) ಬೇರೆಯೇ. ಕಲಬುರಗಿಯಲ್ಲಿ ಸಿಗದೆ ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ತರಿಸುವುದಿದ್ದರೆ ಹಳೆಯದರ ಅಚ್ಚನ್ನು ರಟ್ಟಿನ ಮೇಲೆ ತೆಗೆದು, ಪೋರ್ಟಿನ ಅಳತೆ ಬರೆದು ಕಳಿಸಿ. ಪ್ಯಾಕಿಂಗಿನ ಕಿಂಡಿ ಪೋರ್ಟಿಗಿಂತ ಸುತ್ತಲೂ 1 ಮಿಮೀ ದೊಡ್ಡದಿರಲಿ. ಅಂಚು ಪೋರ್ಟಿನೊಳಕ್ಕೆ ಚಾಚಿಕೊಂಡರೆ ಆ ಭಾಗವೇ ಮೊದಲು ಸುಟ್ಟು, ಸೋರಿಕೆಗೆ ದಾರಿಯಾಗುತ್ತದೆ. ಕಬ್ಬಿಣದ ಮ್ಯಾನಿಫೋಲ್ಡ್ ಬದಲು ಪೈಪಿನ ಹೆಡರ್ ಹಾಕಿಸುವುದಿದ್ದರೆ ಅದರ ಫ್ಲಾಂಜ್ 8 ಮಿಮೀಗಿಂತ ತೆಳ್ಳಗಿರಬಾರದು. ತೆಳ್ಳಗಿದ್ದರೆ ವೆಲ್ಡಿಂಗ್ ಕಾವಿಗೇ ಅದು ಬಾಗಿರುತ್ತದೆ.

ಕೂರಿಸುವುದು

400 ಮಿಮೀ ಉದ್ದದ ಕಬ್ಬಿಣ 500 ಡಿಗ್ರಿ ಕಾದರೆ 2 ಮಿಮೀಗಿಂತ ಹೆಚ್ಚು ಹಿಗ್ಗುತ್ತದೆ. ಹೆಡ್ ಅಷ್ಟು ಕಾಯುವುದಿಲ್ಲ. ಅಂದರೆ ಮ್ಯಾನಿಫೋಲ್ಡ್ ಪ್ರತಿ ಸಲವೂ ಹೆಡ್ ಮೇಲೆ ಜಾರುತ್ತಿರುತ್ತದೆ. ಒಂದೇ ಬದಿಗೆ ಲೋಹವಿರುವ ಪ್ಯಾಕಿಂಗಾದರೆ, ತಯಾರಕರು ಬೇರೆ ಹೇಳದ ಹೊರತು, ಲೋಹ ಮ್ಯಾನಿಫೋಲ್ಡ್ ಕಡೆಗೇ ಬರಲಿ. ಜಾರಲು ಅದೇ ಅನುಕೂಲ.

ಸ್ಟಡ್ ವಿಷಯದಲ್ಲಿ ಎಚ್ಚರ. 1489 ಸಿಸಿ ಎಂಜಿನ್ನಿನ ಸ್ಟಡ್ 5/16 ಇಂಚಿನದು, ಒಂದು ಇಂಚಿಗೆ 24 ಎಳೆ. 8 ಮಿಮೀ ನಟ್ಟು ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ. ಪಾನಾ ಹಾಕಿ ಒತ್ತಿದರೆ ಎಳೆ ಕಿತ್ತು ಬರುತ್ತದೆ. ಸರಿ ಹೊಂದುವ ಹಿತ್ತಾಳೆ ನಟ್ಟು ಹಾಕಿದರೆ ಮುಂದೆ ಬಿಚ್ಚುವಾಗ ತುಕ್ಕು ಹಿಡಿದು ಕಾಡುವುದಿಲ್ಲ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಫ್ಲಾಂಜ್ ಎರಡನ್ನೂ ಒತ್ತುವ ದಪ್ಪ ವಾಷರ್ ಸಮವಾಗಿ ಕೂರಬೇಕು. ಒಂದು ಫ್ಲಾಂಜಿನ ದಪ್ಪ ಇನ್ನೊಂದಕ್ಕಿಂತ ಕಡಿಮೆಯಿದ್ದರೆ ವಾಷರ್ ಓರೆಯಾಗಿ ಒಂದು ಬದಿ ಸಡಿಲ ಉಳಿಯುತ್ತದೆ.

ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಬಿಗಿಯುತ್ತ ಹೋಗಿ. ಮೊದಲು 7, ಆಮೇಲೆ 14, ಕೊನೆಗೆ 20 ನ್ಯೂಟನ್ ಮೀಟರ್. ಟಾರ್ಕ್ ಪಾನಾ (ಬಿಗಿತ ಅಳೆದು ತೋರಿಸುವ ಪಾನಾ) ಇಲ್ಲದೆ ಅಂದಾಜಿಗೆ ಎಳೆದರೆ ಕೆಲವು ಸ್ಟಡ್‌ಗಳು ಅತಿಯಾಗಿ ಬಿಗಿಯಾಗುತ್ತವೆ. ಎಂಜಿನ್ ಚೆನ್ನಾಗಿ ಕಾಯಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಅದೇ 20ಕ್ಕೆ ನೋಡಿ. 100–150 ಕಿಮೀ ಓಡಿಸಿದ ಬಳಿಕ ಇನ್ನೊಮ್ಮೆ, ತಣ್ಣಗಿರುವಾಗಲೇ. ಬಿಸಿಯಿರುವಾಗ ಬಿಗಿಯುವುದು ತಪ್ಪು.

ಸೇಡಂ, ಚಿತ್ತಾಪುರ ಕಡೆಯ ಹಂಪುಗಳಿಗೆ ಸೈಲೆನ್ಸರ್ ತಾಗಿದರೆ ಆ ಪೆಟ್ಟು ಮ್ಯಾನಿಫೋಲ್ಡಿಗೇ ಬಂದು ಮುಟ್ಟುತ್ತದೆ. ಪೈಪಿನ ಬ್ರಾಕೆಟ್, ರಬ್ಬರ್ ಮತ್ತು ಎಂಜಿನ್ ಮೌಂಟಿಂಗ್ ನೋಡದೆ ಕೆಲಸ ಮುಗಿಯಿತೆನ್ನಬೇಡಿ. ಸೋರಿಕೆ ಇದೆಯೆಂಬ ಅನುಮಾನವಿರುವಾಗ ಕಿಟಕಿ ಮುಚ್ಚಿ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಲೆನೋವು ಬಂದಾಗಷ್ಟೇ ಗೊತ್ತಾಗುತ್ತದೆ.