ಕೆಸುವಿನ ಎಲೆ ನೋಡಿ ಮಾಡಿದ ಕಪ್ಪು ಲೇಪ

ನಮ್ಮ ತೀರ್ಥಹಳ್ಳಿ ಕಡೆ ಮಂಜು ಬೀಳುತ್ತದೆ, ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ನನ್ನ ತಮ್ಮ ಲಡಾಖ್‌ನಲ್ಲಿ ಮಿಲಿಟರಿಯಲ್ಲಿದ್ದಾನೆ. "ಅಣ್ಣಾ, ಬೆಳಗ್ಗೆ ಎದ್ದರೆ ಪೈಪು, ಕಂಬಿ ಎಲ್ಲದರ ಮೇಲೂ ಐಸು. ಕೆರೆದು ಕೆರೆದು ಕೈ ಮರಗಟ್ಟುತ್ತೆ" ಅಂದ. ಆ ಮಾತು ತಲೆಯಿಂದ ಹೋಗಲೇ ಇಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ನಾನು, ಐಸು ಕೆರೆಯದೆಯೇ ಜಾರಿ ಬೀಳುವಂಥ ಲೇಪವೊಂದನ್ನು ಮಾಡಿಯೇ ನೋಡೋಣ ಅನ್ನಿಸಿತು.

ನೀರು ಅಂಟದ ಮೈ ನೋಡಲು ಹಿತ್ತಲಿನ ಕೆಸುವಿನ ಎಲೆ ಸಾಕು, ಅಲ್ವಾ? ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು, ಮೇಣದ ಪದರ. ಉಬ್ಬುಗಳ ನಡುವೆ ಗಾಳಿ ನಿಲ್ಲುತ್ತದೆ, ಹನಿ ಆ ಗಾಳಿಯ ಮೇಲೆ ಕೂತು ಉರುಳುತ್ತದೆ. ಮೇಣದಬತ್ತಿಯ ಮಸಿಗೂ ಇಂಥದೇ ಮೈ. ಜೊತೆಗೆ ಕಪ್ಪು, ಬಿಸಿಲು ಹೀರುತ್ತದೆ. ಆದರೆ ಬೆರಳು ತಾಗಿದರೆ ಸಾಕು, ಅಳಿಸಿಹೋಗುತ್ತದೆ.

ಹಾಗಾಗಿ ಬಚ್ಚಲಿನ ಸಂದಿಗೆ ಹಾಕುವ ಸಿಲಿಕೋನ್ ಸೀಲಂಟನ್ನು ಟರ್ಪೆಂಟೈನ್‌ನಲ್ಲಿ ಕರಗಿಸಿ, ಕೆರೆದಿಟ್ಟ ಮಸಿ ಕಲಸಿ, ಅಲ್ಯೂಮಿನಿಯಂ ತಗಡಿಗೆ ಬಳಿದೆ. ಬಯಲಲ್ಲಿ, ಬೆಂಕಿಯಿಂದ ದೂರ. ಮೊದಲ ಸಲ ಸಿಲಿಕೋನ್ ಜಾಸ್ತಿಯಾಯಿತು. ಉಬ್ಬುಗಳೆಲ್ಲ ಮುಳುಗಿ ಮೈ ರೇನ್‌ಕೋಟಿನಂತೆ ನುಣ್ಣಗಾಯಿತು, ಹನಿ ಅಲ್ಲೇ ಕೂತಿತು. ಮಸಿ ಹೆಚ್ಚಿಸಿ, ಸಿಲಿಕೋನ್ ಅರ್ಧಕ್ಕಿಳಿಸಿದೆ. ಒಣಗಿದ ಮೇಲೆ ಹನಿ ಹಾಕಿದರೆ ಮುತ್ತಿನಂತೆ ಉರುಳಿ ಅಂಚಿನಿಂದ ಬಿತ್ತು. ಆ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಪರೀಕ್ಷೆಗೆ ಡಿಸೆಂಬರ್ ಬೇಕಾಯಿತು. ಮಳೆಗಾಲದಲ್ಲಿ ಇಲ್ಲಿ ಬಿಸಿಲೆಲ್ಲಿ? ಥರ್ಮಾಕೋಲ್ ಪೆಟ್ಟಿಗೆಯ ತಳದಲ್ಲಿ ಐಸು, ಕಲ್ಲುಪ್ಪು. ಮೇಲೆ ಗಾಜು. ಉಪ್ಪು ಬೆರೆತ ಐಸು ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. ಫ್ರೀಜರಿನಲ್ಲಿ ಹನಿ ಗಟ್ಟಿಯಾದ ಎರಡು ತಗಡುಗಳನ್ನು, ಒಂದು ಬರಿಯದು, ಒಂದು ಕಪ್ಪು, ಒಳಗೆ ಓರೆಯಾಗಿಟ್ಟೆ.

ನೆರಳಲ್ಲಿ ಕಪ್ಪು ತಗಡೂ ಸೋತಿತು. ನಮ್ಮ ಗಾಳಿಯ ತೇವ ಉಬ್ಬುಗಳ ಸಂದಿಯಲ್ಲೇ ಹೆಪ್ಪುಗಟ್ಟಿ ಹನಿಯನ್ನು ಕಚ್ಚಿಹಿಡಿದಿತ್ತು. ನೀರು ಒಲ್ಲದ ಮೈ ಒಂದೇ ಸಾಲದು ಅಂತ ಗೊತ್ತಾಗಿದ್ದು ಆಗಲೇ. ಪೆಟ್ಟಿಗೆಯನ್ನು ಮಧ್ಯಾಹ್ನದ ಬಿಸಿಲಿಗೆ ಎಳೆದೆ. ಗಾಜಿನ ಮಸುಕು ಒರೆಸುತ್ತಾ ಬಗ್ಗಿ ನೋಡುತ್ತಿದ್ದೆ. ಐಸಿನ ಬುಡದಲ್ಲಿ ಕೂದಲೆಳೆಯಷ್ಟು ನೀರಿನ ಗೆರೆ ಮಿನುಗಿತು. ಮರುಕ್ಷಣ ಇಡೀ ಹನಿ, ಇನ್ನೂ ಗಟ್ಟಿಯಾಗಿದ್ದಂತೆಯೇ, ಕಾವಲಿ ಮೇಲಿನ ಬೆಣ್ಣೆಯಂತೆ ಜಾರಿತು. ಬರಿ ತಗಡಿನದು ಅಲ್ಲಾಡಲಿಲ್ಲ.

ಒಂದು ಗ್ರಾಂ ಐಸು ಕರಗಲು ಸುಮಾರು 334 ಜೂಲ್ ಶಾಖ ಬೇಕು. ಇಲ್ಲಿ ಅಷ್ಟನ್ನೂ ಕರಗಿಸಬೇಕಿಲ್ಲ, ತಗಡಿಗೆ ಅಂಟಿದ ತೆಳು ಪದರ ಕರಗಿದರೆ ಸಾಕು. ರಾತ್ರಿ ಇದು ಕೆಲಸ ಮಾಡಲ್ಲ. ಸೋಲಾರ್ ಪ್ಯಾನೆಲ್ಲಿನ ಗಾಜಿಗೂ ಬಳಿಯುವಂತಿಲ್ಲ, ಬೆಳಕೇ ಒಳಹೋಗಲ್ಲ. ಪೈಪಿಗೆ, ಕಂಬಿಗೆ ಆಗಬಹುದು.

ಹತ್ತಾರು ಸಲ ಹೆಪ್ಪುಗಟ್ಟಿಸಿ ಕರಗಿಸಿದ ಮೇಲೆ ಲೇಪದ ಮೂಲೆಗಳು ಏಳುತ್ತಿವೆ. ಈಗ ತಗಡನ್ನು ಉಪ್ಪು ಕಾಗದದಲ್ಲಿ ಉಜ್ಜಿ ಬಳಿಯುತ್ತಿದ್ದೇನೆ. ತಮ್ಮ ಯುಗಾದಿಗೆ ರಜೆಯಲ್ಲಿ ಬರುತ್ತಾನೆ, ಎರಡು ತುಂಡು ಅವನ ಕೈಲಿ ಕಳಿಸಬೇಕು.